ಧೈರ್ಯ ಹೇಳುವ ಮುನ್ನ

2022ರ ಫೆಬ್ರುವರಿ ಕೊನೆಯ ವಾರದಲ್ಲಿ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ದೋರನಹಳ್ಳಿಯಲ್ಲಿ ಸೀಮಂತದ ಮನೆಯೊಂದರಲ್ಲಿ ಅಡುಗೆ ಅನಿಲದ ಸಿಲಿಂಡರ್ ಸೋರಿ ಬೆಂಕಿ ಹೊತ್ತಿಕೊಂಡಿತು. ಕುಬಸಕ್ಕೆಂದು ಸೇರಿದ್ದ ಜನರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸುಟ್ಟುಕೊಂಡರು. ತೀವ್ರವಾಗಿ ಗಾಯಗೊಂಡವರನ್ನು ಕಲಬುರಗಿಗೆ ಸಾಗಿಸಲಾಯಿತು. ಸಾವು ಆ ದಿನಕ್ಕೇ ಮುಗಿಯಲಿಲ್ಲ. ಮುಂದಿನ ದಿನಗಳಲ್ಲಿ ಒಬ್ಬರ ಹಿಂದೆ ಒಬ್ಬರು ತೀರಿಕೊಂಡು, ಸತ್ತವರ ಸಂಖ್ಯೆ ಹತ್ತನ್ನು ದಾಟಿತು. ಅನಿಲ ಹೇಗೆ ಸೋರಿತು, ಸುರಕ್ಷತೆಯಲ್ಲಿ ಎಲ್ಲಿ ತಪ್ಪಾಯಿತು ಎಂಬ ಪ್ರಶ್ನೆಗಳು ಇಂಥ ದುರಂತದ ನಂತರ ಏಳುತ್ತವೆ, ಏಳಲೂ ಬೇಕು. ಆದರೆ ಅಷ್ಟೇ ಗಂಭೀರವಾದ ಇನ್ನೊಂದು ಪ್ರಶ್ನೆಯನ್ನು ನಾವು ಕೇಳುವುದೇ ಕಡಿಮೆ. ಬೆಂಕಿ ಆರಿದ ಮೇಲೆ ಆಸ್ಪತ್ರೆಯ ಬಾಗಿಲಲ್ಲಿ ವಾರಗಟ್ಟಲೆ ಕೂತವರನ್ನು, ಊರಿನಲ್ಲಿ ಮುಂದಿನ ಸುದ್ದಿಗೆ ಹೆದರುತ್ತಾ ಕಾದವರನ್ನು, ಬದುಕಿ ಬಂದು ನಿದ್ದೆ ಕಳೆದುಕೊಂಡವರನ್ನು ಸಮಾಧಾನಪಡಿಸುವುದು ಯಾರ ಕೆಲಸ? ಅದನ್ನು ಹೇಗೆ ಮಾಡಬೇಕು? ಈ ಪ್ರಶ್ನೆಗೆ ಕಳೆದ ನಾಲ್ಕು ದಶಕಗಳಲ್ಲಿ ನಮ್ಮ ರಾಜ್ಯ, ದೇಶ ಮತ್ತು ಹೊರಜಗತ್ತು ಕಂಡುಕೊಂಡ ಉತ್ತರಗಳನ್ನು ಒಟ್ಟಿಗಿಟ್ಟು ನೋಡುವುದು ಈ ಲೇಖನದ ಉದ್ದೇಶ.

ನಮ್ಮಲ್ಲಿ ರೂಢಿಯಲ್ಲಿರುವ ಉತ್ತರಗಳು ಎರಡು. ಒಂದು, ಹಿರಿಯರು, ಮುಖಂಡರು, ನೆಂಟರು ಬಂದು ‘ಧೈರ್ಯ ತಗೋರಿ, ಆಗೂದು ಆಗ್ಯದ, ಚಿಂತಿ ಮಾಡಬ್ಯಾಡ್ರಿ’ ಎಂದು ಹೇಳಿ ಹೋಗುವುದು. ಇನ್ನೊಂದು ಈಚೆಗೆ ಬಂದದ್ದು: ಯಾರಾದರೂ ಆಪ್ತಸಮಾಲೋಚಕರನ್ನು ಕರೆಸಿ ಮಾತನಾಡಿಸಿಬಿಟ್ಟರೆ ಮನಸ್ಸಿನ ಕೆಲಸ ಮುಗಿಯಿತು ಎಂಬ ನಂಬಿಕೆ. ಮೊದಲನೆಯದರಲ್ಲಿ ಉಪದೇಶವಿದೆ, ಎರಡನೆಯದರಲ್ಲಿ ಚಿಕಿತ್ಸೆಯ ಭರವಸೆಯಿದೆ. ಸಮಾಧಾನ ಮಾತಿನಿಂದಲೇ ಬರುತ್ತದೆ ಎಂದು ಎರಡೂ ನಂಬುತ್ತವೆ. ಇದುವರೆಗೆ ದೊರೆತಿರುವ ಆಧಾರಗಳು ಬೇರೆಯದನ್ನೇ ಹೇಳುತ್ತವೆ. ಆಪತ್ತಿನ ಮೊದಲ ಗಂಟೆಗಳಲ್ಲಿ ಮನುಷ್ಯನನ್ನು ಶಾಂತಗೊಳಿಸುವುದು ಸುರಕ್ಷಿತ ಜಾಗ, ನೋವಿನ ಶಮನ, ನಿಜವಾದ ಸುದ್ದಿ, ತನ್ನವರ ಸಾಮೀಪ್ಯ, ಮುಂದೇನು ಮಾಡಬೇಕೆಂಬ ತಿಳಿವಳಿಕೆ. ಮಾತು ಇವುಗಳ ಜೊತೆಗೆ ಬಂದರೆ ಕೆಲಸ ಮಾಡುತ್ತದೆ, ಇವುಗಳ ಬದಲಿಗೆ ಬಂದರೆ ಗಾಳಿಗೆ ಹೋಗುತ್ತದೆ. ಹಾಗಾಗಿ ಈ ಕೆಲಸ ಮೊದಲು ತಲುಪುವವರದು. ಅದು ಮೊದಲ ದಿನಕ್ಕೆ ಮುಗಿಯುವ ಕೆಲಸವೂ ಅಲ್ಲ.

ಈ ತಿಳಿವಳಿಕೆ ಬೆಳೆದು ಬಂದ ದಾರಿಯಲ್ಲಿ ಕರ್ನಾಟಕಕ್ಕೆ ಮುಖ್ಯ ಸ್ಥಾನವಿದೆ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ನಿಮ್ಹಾನ್ಸ್‌ನ ತಜ್ಞರು ಮಕ್ಕಳನ್ನು, ಬಂಧುಗಳನ್ನು ಕಳೆದುಕೊಂಡವರ ಶೋಕವನ್ನು ಅಧ್ಯಯನ ಮಾಡಿದರು. ದುರಂತಕ್ಕೂ ಮನಸ್ಸಿಗೂ ಇರುವ ಸಂಬಂಧದ ಬಗ್ಗೆ ಭಾರತದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಅದೂ ಒಂದು. 1984ರ ಭೋಪಾಲ್ ಅನಿಲ ದುರಂತದ ನಂತರ ಮನೋವೈದ್ಯ ಡಾ. ಆರ್. ಶ್ರೀನಿವಾಸ ಮೂರ್ತಿ ಮತ್ತವರ ಸಹೋದ್ಯೋಗಿಗಳು ಅಲ್ಲಿನ ಸಾಮಾನ್ಯ ವೈದ್ಯರಿಗೆ ಸಂತ್ರಸ್ತರ ಮಾನಸಿಕ ತೊಂದರೆಗಳನ್ನು ಗುರುತಿಸಿ ನೋಡಿಕೊಳ್ಳುವ ತರಬೇತಿ ಕೊಟ್ಟರು. 1993ರ ಸೆಪ್ಟೆಂಬರ್ 30ರಂದು ಕಲಬುರಗಿಯ ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಒಡಿಶಾದಲ್ಲಿ 1999ರ ಚಂಡಮಾರುತ, ಗುಜರಾತಿನಲ್ಲಿ 2001ರ ಭೂಕಂಪ, ತಮಿಳುನಾಡಿನಲ್ಲಿ 2004ರ ಸುನಾಮಿ ಬಂದವು. ಒಂದೊಂದು ದುರಂತ ಕಳೆದಂತೆ ಕೆಲಸದ ಕೇಂದ್ರ ತಜ್ಞರಿಂದ ಸ್ಥಳೀಯ ಕಾರ್ಯಕರ್ತರ ಕಡೆಗೆ ಸರಿಯುತ್ತಾ ಬಂತು. ಶಾಲೆಯ ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆ, ಊರಿನ ತರುಣರಿಗೆ ಕೆಲವು ದಿನ ಕಲಿಸಿ, ಅವರ ಮೂಲಕವೇ ಮನೆಮನೆಗೆ ತಲುಪುವ ಕ್ರಮ ರೂಪುಗೊಂಡಿತು. 2009ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಈ ಅನುಭವಕ್ಕೆ ಸರ್ಕಾರಿ ಮುದ್ರೆ ಒತ್ತಿತು. ಅಂದರೆ ದೋರನಹಳ್ಳಿಯ ಬೆಂಕಿಗಿಂತ ಹದಿಮೂರು ವರ್ಷ ಮೊದಲೇ ದಾರಿ ಕಾಗದದ ಮೇಲೆ ಸಿದ್ಧವಾಗಿತ್ತು.

ಪಶ್ಚಿಮದ ದೇಶಗಳು ಇದೇ ಕಾಲದಲ್ಲಿ ಇನ್ನೊಂದು ಪ್ರಯೋಗ ಮಾಡಿ ಸೋತವು, ಆ ಸೋಲು ನಮಗೂ ಪಾಠ. 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ ಅಗ್ನಿಶಾಮಕ ಸಿಬ್ಬಂದಿಯಂಥವರಿಗಾಗಿ ಒಂದು ವಿಧಾನವನ್ನು ರೂಪಿಸಿದರು. ದುರಂತದ ಕೆಲವೇ ದಿನಗಳಲ್ಲಿ ಎಲ್ಲರನ್ನೂ ಕೂರಿಸಿ ಏನು ನಡೆಯಿತು, ಏನನ್ನು ಕಂಡಿರಿ, ಏನನ್ನಿಸಿತು ಎಂದು ಕ್ರಮವಾಗಿ ಹೇಳಿಸುವುದು ಅದರ ತಿರುಳು. ಒಳಗಿನದು ಹೊರಗೆ ಬಂದರೆ ಮನಸ್ಸು ಹಗುರಾಗುತ್ತದೆ ಎಂಬ ತರ್ಕ ಸಹಜವಾಗಿಯೇ ಕಂಡಿತು. ವಿಧಾನ ಬೇಗ ಹಬ್ಬಿ ಸಂತ್ರಸ್ತರಿಗೂ ಬಳಕೆಯಾಯಿತು. 1997ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಜೊನಾಥನ್ ಬಿಸನ್ ಮತ್ತು ಸಂಗಡಿಗರು ಅದನ್ನು ಪರೀಕ್ಷಿಸಿದ್ದು ಸುಟ್ಟಗಾಯದ ರೋಗಿಗಳ ಮೇಲೆ. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಒಂದು ಗುಂಪಿಗೆ ಹೀಗೆ ಹೇಳಿಸಿದರು, ಇನ್ನೊಂದಕ್ಕೆ ಹೇಳಿಸಲಿಲ್ಲ. ಹದಿಮೂರು ತಿಂಗಳ ನಂತರ ನೋಡಿದರೆ ಹೇಳಿಸಿಕೊಂಡವರಲ್ಲಿ ಶೇ 26ರಷ್ಟು ಮಂದಿಗೆ ಆಘಾತೋತ್ತರ ಮಾನಸಿಕ ತೊಂದರೆ ಉಳಿದಿತ್ತು. ಇನ್ನೊಂದು ಗುಂಪಿನಲ್ಲಿ ಅದು ಶೇ 9. ಮೊದಲ ಗುಂಪಿನವರ ಗಾಯ ತುಸು ಹೆಚ್ಚು ತೀವ್ರವಾಗಿತ್ತೆಂಬ ಮಿತಿ ಆ ಅಧ್ಯಯನಕ್ಕಿದೆ. ಆದರೂ ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2002ರ ಕಾಕ್ರೇನ್ ವಿಮರ್ಶೆ, ಒಂದೇ ಬೈಠಕ್ಕಿನ ಈ ವಿಧಾನದಿಂದ ಲಾಭವಿಲ್ಲ, ಅದನ್ನು ಕಡ್ಡಾಯ ಮಾಡಬಾರದು ಎಂಬ ತೀರ್ಮಾನಕ್ಕೆ ಬಂತು. ಸುಟ್ಟ ಗಾಯದಿಂದ ನರಳುವವನ ಮಂಚದ ಬಳಿ ನಿಂತು ‘ಹೆಂಗ ಆಯ್ತು, ಮೊದಲಿಂದ ಹೇಳು’ ಎಂದು ಪ್ರತಿಯೊಬ್ಬ ಬಂಧುವೂ ಕೇಳುವ ನಮ್ಮ ಪದ್ಧತಿಯ ಕುರಿತು ಯೋಚಿಸಲು ಇಷ್ಟು ಸಾಕು. ತಾನಾಗಿ ಹೇಳಿಕೊಳ್ಳಬಯಸುವವನ ಮಾತನ್ನು ಕೇಳಬೇಕು, ಹೇಳೆಂದು ಒತ್ತಾಯಿಸಬಾರದು.

ಹಾಗಾದರೆ ಮಾಡಬೇಕಾದದ್ದೇನು? 2007ರಲ್ಲಿ ಸ್ಟೀವನ್ ಹಾಬ್‌ಫಾಲ್ ನೇತೃತ್ವದಲ್ಲಿ ಹಲವು ದೇಶಗಳ ತಜ್ಞರು ಆವರೆಗಿನ ಸಂಶೋಧನೆಯನ್ನು ಸೋಸಿ ಐದು ಅಂಶಗಳನ್ನು ಎತ್ತಿ ಹೇಳಿದರು: ಸುರಕ್ಷಿತವೆಂಬ ಭಾವ, ಉದ್ವೇಗದ ಶಮನ, ತನ್ನ ಮತ್ತು ತನ್ನವರ ಕೈಲಾಗುತ್ತದೆಂಬ ನಂಬಿಕೆ, ಬಂಧುಬಳಗದ ನಂಟು, ಭರವಸೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಇದನ್ನು ಇನ್ನೂ ಸರಳಗೊಳಿಸಿ ನೋಡು, ಆಲಿಸು, ಜೋಡಿಸು ಎಂಬ ಮೂರು ಕ್ರಿಯೆಗಳಿಗೆ ಇಳಿಸಿತು. ಓದಲು ಇವು ತೀರಾ ಸಾಮಾನ್ಯ ಮಾತುಗಳು. ಬೆಂಕಿ ಬಿದ್ದ ಮನೆಯ ಮುಂದೆ ಇಟ್ಟು ನೋಡಿದಾಗ ಅವುಗಳ ಬಿಗಿ ತಿಳಿಯುತ್ತದೆ. ನೋಡುವುದೆಂದರೆ ಅನಿಲ ಇನ್ನೂ ಸೋರುತ್ತಿದೆಯೇ, ಯಾರು ಒಳಗಿದ್ದಾರೆ, ಯಾವ ಮಗು ಒಂಟಿಯಾಗಿ ನಿಂತಿದೆ ಎಂದು ಗಮನಿಸುವುದು. ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಸುವುದು, ಟೂತ್‌ಪೇಸ್ಟ್ ಅಥವಾ ಶಾಯಿ ಬಳಿಯದಂತೆ ತಡೆಯುವುದು ದೇಹದ ಚಿಕಿತ್ಸೆಯಾದಷ್ಟೇ ಮನಸ್ಸಿನ ಚಿಕಿತ್ಸೆಯೂ ಹೌದು, ಏಕೆಂದರೆ ಕೈಗೆ ಸಿಕ್ಕ ಖಚಿತ ಕೆಲಸ ಗಾಯಾಳುವಿನ ಭಯವನ್ನೂ ಸುತ್ತ ನಿಂತವರ ಗಾಬರಿಯನ್ನೂ ಇಳಿಸುತ್ತದೆ. ನೋವಿನ ಶಮನವೂ ಇದೇ ಸಾಲಿಗೆ ಸೇರುತ್ತದೆ. ಸುಟ್ಟಗಾಯದಿಂದ ಆಸ್ಪತ್ರೆ ಸೇರಿದ ಮಕ್ಕಳನ್ನು ಕುರಿತ, 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹೆಚ್ಚು ಮಾರ್ಫಿನ್ ಪಡೆದ ಮಕ್ಕಳಲ್ಲಿ ಆರು ತಿಂಗಳಲ್ಲಿ ಆಘಾತದ ಲಕ್ಷಣಗಳು ಹೆಚ್ಚು ಇಳಿದದ್ದು ಕಂಡುಬಂತು. ನೋವನ್ನು ಸಹಿಸಿಕೋ ಎನ್ನುವ ವಾರ್ಡಿನಲ್ಲಿ ಧೈರ್ಯದ ಮಾತಿಗೆ ಬೆಲೆಯಿಲ್ಲ.

ಕಠಿಣವಾದ ಭಾಗ ಸುದ್ದಿಯದು. ಒಂದೇ ಮನೆಯ, ಒಂದೇ ಓಣಿಯ ಹಲವರು ಒಟ್ಟಿಗೆ ಗಾಯಗೊಂಡಾಗ ಒಬ್ಬರ ಸಾವನ್ನು ಇನ್ನೊಬ್ಬರಿಗೆ ಹೇಳುವುದೋ ಬೇಡವೋ ಎಂಬ ಇಕ್ಕಟ್ಟು ಬರುತ್ತದೆ. ‘ಆರಾಮ ಅದಾನ, ಬಾಜೂ ವಾರ್ಡಿನಾಗ ಅದಾನ’ ಎಂದು ಹೇಳಿ ನಿಭಾಯಿಸುವುದೇ ನಮ್ಮಲ್ಲಿ ಕರುಣೆ ಎನಿಸಿಕೊಂಡಿದೆ. ಈ ಪದ್ಧತಿಯನ್ನು ಸಮರ್ಥಿಸುವವರ ವಾದವನ್ನು ತಳ್ಳಿಹಾಕುವಂತಿಲ್ಲ: ಪ್ರಾಣದ ಜೊತೆ ಹೋರಾಡುತ್ತಿರುವವನಿಗೆ ಮಗನ ಸಾವಿನ ಸುದ್ದಿ ಕೊಟ್ಟರೆ ಇದ್ದ ಉಸಿರೂ ಹೋದೀತು ಎಂಬ ಭಯ ಪ್ರೀತಿಯಿಂದಲೇ ಹುಟ್ಟಿದ್ದು. ಆದರೆ ವಾರ್ಡಿನಲ್ಲಿ ಸುಳ್ಳು ಹೆಚ್ಚು ದಿನ ನಿಲ್ಲುವುದಿಲ್ಲ. ಬಂದವರ ಕಣ್ಣು, ಹೊರಗಿನ ಅಳು, ಫೋನಿನ ವಿಡಿಯೊ ಅದನ್ನು ಬಯಲು ಮಾಡುತ್ತವೆ. ಆಗ ಗಾಯಾಳು ಎರಡು ನಷ್ಟ ಅನುಭವಿಸುತ್ತಾನೆ. ಹೋದವರ ಜೊತೆಗೆ ಇದ್ದವರ ಮೇಲಿನ ನಂಬಿಕೆಯೂ ಹೋಗುತ್ತದೆ. ಕೊನೆಯ ದರ್ಶನವೂ ಮಣ್ಣು ಕೊಡುವ ಹಕ್ಕೂ ತಪ್ಪಿದ ಕೊರಗು ಮುಂದೆ ವರ್ಷಗಟ್ಟಲೆ ಕಾಡಬಲ್ಲದು. ಸಮಯವನ್ನು ವೈದ್ಯರ ಜೊತೆ ಕೂಡಿ ಆರಿಸಬಹುದು, ಹೇಳುವ ವ್ಯಕ್ತಿಯನ್ನು ಮನೆಯವರೇ ಆರಿಸಬಹುದು, ಪ್ರಜ್ಞೆ ಸರಿಯಿಲ್ಲದವರಿಗೆ ಕಾಯಬಹುದು. ಕೇಳಿದವನಿಗೆ ಮಾತ್ರ ಸುಳ್ಳು ಹೇಳಬಾರದು. ಮಕ್ಕಳ ವಿಷಯದಲ್ಲೂ ಇದೇ ನಿಯಮ. ಅವ್ವ ಊರಿಗೆ ಹೋಗ್ಯಾಳ ಎಂದು ಹೇಳಿಸಿಕೊಂಡ ಮಗು ಪ್ರತಿ ಬಸ್ಸಿಗೂ ಕಾಯುತ್ತದೆ.

ಕಾಗದಪತ್ರದ ಸಂಗತಿ ಸಾಂತ್ವನದ ಚರ್ಚೆಯಲ್ಲಿ ಏಕೆ ಬರಬೇಕು ಎಂದು ಯಾರಾದರೂ ಕೇಳಬಹುದು. ಅನಿಶ್ಚಿತತೆಯೇ ಉದ್ವೇಗದ ದೊಡ್ಡ ಮೂಲವಾದ್ದರಿಂದ ಬರಬೇಕು. ಅಡುಗೆ ಅನಿಲದ ಅಪಘಾತಗಳಿಗೆ ತೈಲ ಕಂಪನಿಗಳು ವಿಮೆ ಮಾಡಿಸಿರುತ್ತವೆ, ಗ್ರಾಹಕರು ಅದಕ್ಕೆ ಬೇರೆ ಕಂತು ಕಟ್ಟಬೇಕಿಲ್ಲ. ಅಪಘಾತವನ್ನು ಪೊಲೀಸರಿಗೂ ವಿತರಕರಿಗೂ ತಕ್ಷಣ ತಿಳಿಸಬೇಕು, ಆಸ್ಪತ್ರೆಯ ಬಿಲ್ಲುಗಳನ್ನೂ ಮರಣ ಪ್ರಮಾಣಪತ್ರವನ್ನೂ ಜೋಪಾನ ಮಾಡಬೇಕು. ಸೋರಿಕೆಯ ದೂರಿಗೆ 1906 ಎಂಬ ತುರ್ತು ಸಂಖ್ಯೆಯಿದೆ. ಇಷ್ಟನ್ನು ಮೊದಲ ವಾರದಲ್ಲೇ ಯಾರಾದರೂ ಒಬ್ಬರು ಕೂತು ವಿವರಿಸಿದರೆ ಆ ಮನೆಯ ರಾತ್ರಿಗಳು ಒಂದಷ್ಟು ಹಗುರಾಗುತ್ತವೆ. ನಡೆಯುವುದು ಬೇರೆ. ಹೇಳಿಕೆಗಾಗಿ ಪೊಲೀಸರು, ಪಂಚನಾಮೆಗಾಗಿ ಕಂದಾಯದವರು, ವರದಿಗಾಗಿ ಕ್ಯಾಮೆರಾದವರು, ಭೇಟಿಗಾಗಿ ನಾಯಕರು ಸರದಿಯ ಮೇಲೆ ಬಂದು ಅದೇ ಕಥೆಯನ್ನು ಹೇಳಿಸುತ್ತಾರೆ. ಪರಿಹಾರದ ಚೆಕ್ಕು ಕೊಡುವಾಗಿನ ಫೋಟೊದಲ್ಲಿ ಅಳುವ ಮುಖವೇ ಬೇಕು ಎಂಬಂತಿರುತ್ತದೆ. ಕಾನೂನಿಗೆ ಹೇಳಿಕೆ ಬೇಕು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಮನೆಯವರ ಪರವಾಗಿ ಮಾತನಾಡಲು ಒಬ್ಬರನ್ನು ಗೊತ್ತುಮಾಡಿ, ಭೇಟಿಗೆ ಹೊತ್ತು ನಿಗದಿಮಾಡಿ, ವಾರ್ಡಿನೊಳಗೆ ಕ್ಯಾಮೆರಾ ತಡೆದರೆ ಕಾನೂನಿನ ಯಾವ ಕೆಲಸವೂ ನಿಲ್ಲುವುದಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪ ಬರುತ್ತದೆ. ನಮ್ಮ ಹಳ್ಳಿಗಳಿಗೆ ದುಃಖ ನಿಭಾಯಿಸುವುದು ಗೊತ್ತಿಲ್ಲವೇ? ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಓಣಿಯವರು, ಬೀಗರು ಬುತ್ತಿ ತರುತ್ತಾರೆ. ಹೆಂಗಸರು ಕೊರಳಪ್ಪಿ ಸತ್ತವರ ಗುಣ ಹೇಳಿ ಹಾಡ್ಯಾಡಿ ಅಳುತ್ತಾರೆ. ಕಲಬುರಗಿ, ಯಾದಗಿರಿ ಕಡೆಯ ಮೊಹರಂನಲ್ಲಿ ಹಿಂದೂ ಮುಸ್ಲಿಮರೆನ್ನದೆ ಕರ್ಬಲಾದ ಶೋಕವನ್ನು ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಅಳುವುದಕ್ಕೆ ಹೊತ್ತು, ಜಾಗ, ಜೊತೆ, ರಾಗ ಎಲ್ಲವನ್ನೂ ಕೊಟ್ಟ ಸಮಾಜವಿದು. ಇಂಥ ಕಡೆ ಕೈಪಿಡಿ ಹಿಡಿದು ಬರುವವರು ಕಲಿಸುವುದೇನು? ಈ ಆಕ್ಷೇಪದ ಅರ್ಧ ನಿಜ, ಮತ್ತು ಆ ಅರ್ಧವನ್ನು ಸಂಶೋಧನೆಯೇ ಎತ್ತಿ ಹಿಡಿಯುತ್ತದೆ. ಬಂಧುಬಳಗದ ನಂಟು ಎಂಬ ಅಂಶ ಐದರಲ್ಲೊಂದಾಗಿ ನಿಂತಿರುವುದು ಇದೇ ಕಾರಣಕ್ಕೆ. ಆದರೆ ಸಂಪ್ರದಾಯ ರೂಪುಗೊಂಡದ್ದು ಒಂದು ಸಾವು, ಒಂದು ಮನೆ, ಎಣಿಸಿಟ್ಟ ಸೂತಕದ ದಿನಗಳು ಎಂಬ ಅಳತೆಗೆ. ಹಲವು ಮನೆಗಳಲ್ಲಿ ವಾರಗಳುದ್ದಕ್ಕೂ ಸಾವು ಬಂದಾಗ ಬುತ್ತಿ ತರುವ ಮನೆಯೂ ಸೂತಕದ ಮನೆಯಾಗಿರುತ್ತದೆ. ಬದುಕುಳಿದು ಮುಖ, ಕೈ ಸುಟ್ಟುಕೊಂಡವರಿಗೆ ಶೋಕದ ಯಾವ ವಿಧಿಯೂ ಇಲ್ಲ. ಅವರು ಪುಣ್ಯವಂತರು ಎನಿಸಿಕೊಂಡು ಮೂಲೆಗೆ ಸರಿಯುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಮದುವೆ, ಸೀಮಂತ, ಗೃಹಪ್ರವೇಶಗಳಲ್ಲಿ ಅನಾಹುತವಾದರೆ ನಮ್ಮ ಸಮಾಜದ ನಾಲಿಗೆ ಕಾಲ್ಗುಣ ಹುಡುಕತೊಡಗುತ್ತದೆ. ಸಾಂತ್ವನ ಹೇಳಲು ಬಂದವರಲ್ಲೇ ಯಾರೋ ಒಬ್ಬರು ಆಡುವ ಆ ಮಾತು, ಬೆಂಕಿಗಿಂತ ಆಳವಾಗಿ ಸುಡುತ್ತದೆ. ಹಳ್ಳಿಯ ಶಕ್ತಿಯನ್ನು ಉಳಿಸಿಕೊಳ್ಳುವುದೂ ಅದರ ಈ ದೋಷವನ್ನು ತಡೆಯುವುದೂ ಎರಡೂ ಬೇಕು. ಅದಕ್ಕೆ ಊರಿನವರೇ ಆದ, ತುಸು ತರಬೇತಿ ಪಡೆದ ಜನರೇ ಸರಿ.

ಎದುರು ದಿಕ್ಕಿನ ಆಕ್ಷೇಪ ತಜ್ಞರದು: ಮನಸ್ಸು ಸೂಕ್ಷ್ಮ, ಅರೆಬರೆ ಕಲಿತವರ ಕೈಗೆ ಕೊಟ್ಟರೆ ಅಪಾಯ. ಲೆಕ್ಕವನ್ನೇ ನೋಡೋಣ. ಭಾರತದಲ್ಲಿ ಲಕ್ಷ ಜನರಿಗೆ ಸರಾಸರಿ ಒಬ್ಬ ಮನೋವೈದ್ಯನೂ ಇಲ್ಲ, ಇರುವವರೂ ನಗರಗಳಲ್ಲಿದ್ದಾರೆ. 2009ರ ಕೊನೆಗೆ ಜಿಲ್ಲೆಯಾದ ಯಾದಗಿರಿಯಂಥ ಕಡೆ ತಜ್ಞರಿಗೆ ಕಾಯುವುದೆಂದರೆ ಕಾಯುತ್ತಲೇ ಇರುವುದು. ಇನ್ನು ಅಗತ್ಯದ ಮಾತು. 2001ರ ಸೆಪ್ಟೆಂಬರ್ 11ರ ದಾಳಿಯ ಒಂದೆರಡು ತಿಂಗಳಲ್ಲಿ ಮ್ಯಾನ್‌ಹಟನ್ ನಿವಾಸಿಗಳ ಸಮೀಕ್ಷೆ ಮಾಡಿದಾಗ ಆಘಾತೋತ್ತರ ತೊಂದರೆಯ ಲಕ್ಷಣಗಳು ಸುಮಾರು ಶೇ 7.5ರಷ್ಟು ಜನರಲ್ಲಿದ್ದವು. ಆರು ತಿಂಗಳಲ್ಲಿ ಅದು ಶೇ 1ಕ್ಕಿಂತ ಕೆಳಗಿಳಿಯಿತು. ಮನೆಯೊಳಗೇ ಬೆಂಕಿ ಕಂಡವರಲ್ಲಿ, ಮಕ್ಕಳನ್ನು ಕಳೆದುಕೊಂಡವರಲ್ಲಿ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚಿರುತ್ತದೆ, ನಿಜ. ಆದರೂ ಬಹುಪಾಲು ಜನ ಆಸರೆ ಸಿಕ್ಕರೆ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ ಎಂಬ ಒಟ್ಟು ನೋಟ ಬದಲಾಗುವುದಿಲ್ಲ. ತಜ್ಞರು ಬೇಕಾಗುವುದು ಉಳಿದವರಿಗೆ: ತಿಂಗಳು ಕಳೆದರೂ ನಿದ್ದೆ ಬಾರದವರಿಗೆ, ಸಾಯುವ ಮಾತಾಡುವವರಿಗೆ, ಕುಡಿತಕ್ಕೆ ಬಿದ್ದವರಿಗೆ, ಮಗುವಿಗೆ ಉಣಿಸುವುದನ್ನೂ ಬಿಟ್ಟವರಿಗೆ. ಅವರನ್ನು ಗುರುತಿಸಿ ದಾಟಿಸುವುದೇ ಊರಿನ ಕಾರ್ಯಕರ್ತೆಯ ಕೆಲಸ. ಇದು ಸಾಧ್ಯವೆಂದು ತೋರಿಸಿದ್ದು ನಮ್ಮದೇ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ತಜ್ಞತೆಯ ಹೆಸರಿನಲ್ಲೂ ತಪ್ಪು ನಡೆಯುತ್ತದೆ ಎಂಬುದನ್ನು ಮರೆಯಬಾರದು. ಅಳುವವರಿಗೆಲ್ಲ ನಿದ್ದೆ ಮಾತ್ರೆ, ಸೂಜಿ ಕೊಡಿಸುವ ರೂಢಿ ನಮ್ಮಲ್ಲಿದೆ. ಆಘಾತದ ಮೊದಲ ತಿಂಗಳ ಲಕ್ಷಣಗಳಿಗೆ ಬೆಂಜೊಡಯಾಜೆಪಿನ್ ಗುಂಪಿನ ಮಾತ್ರೆಗಳನ್ನು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ.

ಮೂರನೆಯ ಆಕ್ಷೇಪ ಪ್ರಾಮಾಣಿಕವಾದದ್ದು: ಮಾನಸಿಕ ಪ್ರಥಮ ಚಿಕಿತ್ಸೆ ಫಲಿಸುತ್ತದೆ ಎಂಬುದಕ್ಕೇ ಗಟ್ಟಿ ಪ್ರಯೋಗಗಳ ಆಧಾರ ಎಷ್ಟಿದೆ? ಕಡಿಮೆಯೇ ಇದೆ. ದುರಂತದ ನಡುವೆ ಜನರನ್ನು ಎರಡು ಗುಂಪು ಮಾಡಿ ಒಂದಕ್ಕೆ ಆಸರೆ ನಿರಾಕರಿಸಿ ಪರೀಕ್ಷಿಸುವುದು ಕಷ್ಟ, ಬಹುಮಟ್ಟಿಗೆ ಅನೈತಿಕ. ಆದ್ದರಿಂದ ಈ ವಿಧಾನ ನಿಂತಿರುವುದು ಪರೋಕ್ಷ ಆಧಾರಗಳ ಮೇಲೆ ಮತ್ತು ತಜ್ಞರ ಒಮ್ಮತದ ಮೇಲೆ. ಆದರೂ ಅದರಲ್ಲಿ ಹಾನಿಯ ಸಂಭವ ಅತ್ಯಲ್ಪ, ಖರ್ಚು ಕಡಿಮೆ, ಅದು ಒದಗಿಸುವ ನೀರು, ಸುದ್ದಿ, ಜೊತೆ, ದಾರಿ ಹೇಗೂ ಮನುಷ್ಯನಿಗೆ ಸಲ್ಲಬೇಕಾದವು. ಬಡವರ ಊರಿನಲ್ಲಿ ಮನಸ್ಸಿನ ಆರೈಕೆ ಐಷಾರಾಮ ಎನ್ನುವವರಿಗೂ ಉತ್ತರ ಇದರಲ್ಲೇ ಇದೆ. ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋದ ಮಗನಿಗೆ ಸುದ್ದಿ ಮುಟ್ಟಿಸಿ ಊರಿಗೆ ಬರಲು ನೆರವಾಗುವುದು, ಆಸ್ಪತ್ರೆಯ ಹೊರಗೆ ಕಾಯುವ ಅಜ್ಜಿಗೆ ಊಟ, ಹಾಸಿಗೆ ಒದಗಿಸುವುದು, ಕೂಲಿ ತಪ್ಪಿದ ಮನೆಗೆ ರೇಷನ್ ತಲುಪಿಸುವುದು ಸಾಂತ್ವನದ ಒಳಗಿನ ಕೆಲಸಗಳೇ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಕಲಬುರಗಿ, ಯಾದಗಿರಿಯ ದಂಡೆಯ ಹಳ್ಳಿಗಳಿಗೆ ನುಗ್ಗಿದಾಗ ಕಾಳಜಿ ಕೇಂದ್ರಗಳಲ್ಲಿ ಕೂತವರಿಗೂ ಬೇಕಾದದ್ದು ಇದೇ: ಊಟದ ಜೊತೆಗೆ, ದನಗಳು ಏನಾದವು, ಮನೆಗೆ ಎಂದು ಹೋಗಬಹುದು ಎಂಬುದಕ್ಕೆ ನೇರ ಉತ್ತರ.

ಈ ಎಲ್ಲದರಿಂದ ಹೊರಡುವ ತೀರ್ಮಾನ ದುಬಾರಿಯಾದದ್ದೇನಲ್ಲ. ಆಶಾ ಕಾರ್ಯಕರ್ತೆಯರು, 108ರ ಸಿಬ್ಬಂದಿ, ಠಾಣೆಯ ಪೊಲೀಸರು, ಗ್ರಾಮ ಪಂಚಾಯಿತಿ ಸದಸ್ಯರಿಗೆ ಮಾನಸಿಕ ಪ್ರಥಮ ಚಿಕಿತ್ಸೆಯನ್ನು ಕನ್ನಡದಲ್ಲಿ, ಈ ಸೀಮೆಯ ಉದಾಹರಣೆಗಳೊಡನೆ ಕಲಿಸಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ದೊಡ್ಡ ದುರಂತದ ಹೊತ್ತಿಗೆ ಬಂಧುಗಳೊಡನೆ ಮಾತನಾಡುವುದನ್ನೇ ಕೆಲಸವಾಗಿ ಹೊತ್ತ ಒಬ್ಬ ವ್ಯಕ್ತಿ ಇರಬೇಕು. ದಿನಕ್ಕೆರಡು ಬಾರಿ, ಗೊತ್ತಾದ ಹೊತ್ತಿಗೆ, ಗೊತ್ತಿರುವುದನ್ನು ಆತ ಹೇಳಬೇಕು. ಸುಟ್ಟಗಾಯದವರ ಮನೆಗೆ ಒಂದು ವರ್ಷದವರೆಗೂ ಭೇಟಿ ಮುಂದುವರಿಯಬೇಕು, ಏಕೆಂದರೆ ಚರ್ಮ ಬಿಗಿಯುವ ನೋವು, ಮುಖ ತೋರಿಸುವ ಅಳುಕು, ವರ್ಷಾಬ್ದಿಕದ ಸಂಕಟ ಇವೆಲ್ಲ ಕ್ಯಾಮೆರಾಗಳು ಹೋದ ಮೇಲೆಯೇ ಬರುತ್ತವೆ. ಹೆಣ ಸಾಗಿಸಿದ ತರುಣರನ್ನೂ ವಾರ್ಡಿನ ದಾದಿಯರನ್ನೂ ಯಾರಾದರೂ ವಿಚಾರಿಸಬೇಕು. 2022ರ ಅಕ್ಟೋಬರ್ 10ರಂದು, ಅಂದರೆ ದೋರನಹಳ್ಳಿಯ ದುರಂತದ ಏಳೆಂಟು ತಿಂಗಳ ನಂತರ, ಟೆಲಿ ಮಾನಸ್ ಎಂಬ ರಾಷ್ಟ್ರೀಯ ಸಹಾಯವಾಣಿ ಆರಂಭವಾಯಿತು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಮಾಡಿ ಕನ್ನಡದಲ್ಲಿ ಮಾತನಾಡಬಹುದು, ಕರೆಗೆ ದುಡ್ಡಿಲ್ಲ. ಈ ಸಂಖ್ಯೆ ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ, 1906 ಮತ್ತು ತುರ್ತು ಸೇವೆಯ 112ರ ಪಕ್ಕದಲ್ಲಿ ಇರಲಿ. ಓದುಗರು ಇವತ್ತೇ ತಮ್ಮ ಫೋನಿನಲ್ಲಿ ಮೂರನ್ನೂ ಬರೆದಿಟ್ಟುಕೊಳ್ಳಲಿ. ಮುಂದೆ ಯಾವುದಾದರೂ ನೊಂದ ಮನೆಗೆ ಹೋದಾಗ ‘ಧೈರ್ಯ ತಗೋರಿ’ ಎನ್ನುವ ಮುನ್ನ ‘ಈಗ ನಿಮಗ ಏನು ಬೇಕಾಗ್ಯದ’ ಎಂದು ಕೇಳಿ, ಕೇಳಿದ್ದನ್ನು ಮಾಡಿಕೊಡಲಿ.